ಮುಳಬಾಗಿಲಿಗೆ ಮಾತ್ರ ಮಂಜು

ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿ ಭೂಪಟದ ಮೇಲೆ ಕೈಯಾಡಿಸಿ, "ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆ" ಎನ್ನುತ್ತಾಳೆ. ಈ "ಅಲ್ಲಲ್ಲಿ" ಎಂಬ ಊರು ಯಾವ ತಾಲ್ಲೂಕಿನಲ್ಲಿದೆಯೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅವಳ ಕೈ ನಮ್ಮ ಜಿಲ್ಲೆಯ ಮೇಲೆ ಹಾದುಹೋಗುವಾಗ ಬಳೆಯೇ ಜಿಲ್ಲೆಯನ್ನೆಲ್ಲ ಮುಚ್ಚಿಬಿಡುತ್ತದೆ. ಮಳೆ ಮುಳಬಾಗಿಲಿಗೋ, ಮಾಲೂರಿಗೋ, ಯಾರಿಗೂ ಇಲ್ಲವೋ? ಆ ಹುಡುಗಿಗೂ ಗೊತ್ತಿಲ್ಲ, ಪೂರ್ ಥಿಂಗ್. ಅದಕ್ಕೇ ನಾವು ನಾಲ್ಕು ಜನ ಹೆಂಗಸರು ಸೇರಿ ನಮ್ಮದೇ ಒಂದು ಸರ್ವಿಸ್ ಶುರುಮಾಡಿದೆವು.

ಶ್ರೀನಿವಾಸಪುರದಲ್ಲಿ ನನ್ನ ನಾದಿನಿ ಇದ್ದಾಳೆ. ಗಂಡ ಮಗನ ಜೊತೆ ಮಾವಿನ ತೋಟ ನೋಡಿಕೊಳ್ಳುತ್ತಾಳೆ. ಹೂವು ಬಿಡುವ ಕಾಲದಲ್ಲಿ ಮಂಜೆಂದರೆ ಅವಳಿಗೆ ಜ್ವರ ಬರುತ್ತದೆ. ಮಾಲೂರಿನಲ್ಲಿ ನನ್ನ ಸ್ವಂತ ತಂಗಿ. ಅವರದು ಇಟ್ಟಿಗೆ ಗೂಡು. ಅಚ್ಚಿನಲ್ಲಿ ಕೊಯ್ದು ಒಣಗಲು ಸಾಲಾಗಿಟ್ಟ ಹಸಿ ಇಟ್ಟಿಗೆಯ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಮತ್ತೆ ಮಣ್ಣು. ಕೋಲಾರದಲ್ಲಿ ನನ್ನ ಕಾನ್ವೆಂಟಿನ ಗೆಳತಿ. ಅವಳ ಮನೆ ಟೊಮೆಟೊ ಮಾರ್ಕೆಟ್ಟಿನ ದಾರಿಯಲ್ಲಿರುವುದರಿಂದ ಅವಳ ಹವಾಮಾನದಲ್ಲಿ ಯಾವಾಗಲೂ ಟೊಮೆಟೊ ಬೆರೆತಿರುತ್ತದೆ. "ಕೋಲಾರ: ತುಂತುರು. ರಸ್ತೆಯಲ್ಲಿ ಸಾರು" ಎಂದು ಒಮ್ಮೆ ಬರೆದಿದ್ದಳು. ನಾಲ್ಕನೆಯವಳು ಮುಳಬಾಗಿಲಿನ ನಾನು. ವಾಟ್ಸಾಪಿನಲ್ಲಿ ನಮಗೆ ಹೆಸರುಗಳಿಲ್ಲ, ಊರುಗಳು ಮಾತ್ರ.

ರೂಲ್ಸ್ ಮಾಡಿದವಳು ನಾನೇ. ಬೆಳಗ್ಗೆ ಏಳರೊಳಗೆ ಅಪ್‌ಡೇಟ್ ಹಾಕಬೇಕು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಕೂಡದು. ಬೇರೆಯವರು ಕಳಿಸಿದ್ದನ್ನು ಫಾರ್ವರ್ಡ್ ಮಾಡಕೂಡದು. ಎಲ್ಲಕ್ಕಿಂತ ಮುಖ್ಯ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಈ ಕೊನೆಯ ರೂಲನ್ನು ನಾನು ಕ್ಯಾಪಿಟಲ್ ಲೆಟರ್ಸ್‌ನಲ್ಲಿ ಹಾಕಿದ್ದೆ. ಅದಕ್ಕೊಂದು ಹಿನ್ನೆಲೆಯಿದೆ. ಕಾನ್ವೆಂಟಿನಲ್ಲಿ ನಮ್ಮ ಜಿಯಾಗ್ರಫಿ ಸಿಸ್ಟರ್ ದಿನಾ ಒಂದು ವೆದರ್ ಚಾರ್ಟ್ ತುಂಬಿಸುತ್ತಿದ್ದರು. ಬಿಸಿಲಾದರೆ ಸೂರ್ಯ, ಮಳೆಯಾದರೆ ಛತ್ರಿ. ನಾನು ಸೋಮವಾರವೇ ಇಡೀ ವಾರದ್ದು ತುಂಬಿಸಿಟ್ಟು ಆಟಕ್ಕೆ ಓಡುತ್ತಿದ್ದೆ. ಒಂದು ಗುರುವಾರ ಧಗಧಗ ಬಿಸಿಲು, ನನ್ನ ಚಾರ್ಟಿನಲ್ಲಿ ಛತ್ರಿ. "ವೇರ್ ಡಿಡ್ ದಿಸ್ ರೇನ್ ಫಾಲ್, ಚೈಲ್ಡ್?" ಎಂದು ಕೇಳಿದರು. "ನಮ್ಮಜ್ಜಿ ಊರಲ್ಲಿ, ಸಿಸ್ಟರ್" ಎಂದೆ. ಮಧ್ಯಾಹ್ನದವರೆಗೆ ಮಂಡಿಯೂರಿಸಿದ್ದರು. ಪಕ್ಕದಲ್ಲಿ ನಗುತ್ತ ನಿಂತಿದ್ದವಳೇ ಈಗಿನ ಕೋಲಾರ.

ನನ್ನ ಅಬ್ಸರ್ವೇಟರಿ ನಮ್ಮ ಮನೆಯ ಟೆರೇಸು. ಕೈಗಂಬಿಯಿಲ್ಲದ ಹದಿನಾರು ಮೆಟ್ಟಿಲು ಹತ್ತಬೇಕು. ನಮ್ಮವರಿಗೆ ಮಂಡಿ ನೋವು, ಅವರು ಮೇಲೆ ಬರುವುದಿಲ್ಲ. ಹಾಗಾಗಿ ಬೆಳಗಿನ ಅರ್ಧ ಗಂಟೆ ಶಾಲು ಹೊದ್ದು, ಕಾಫಿ ಲೋಟ ಹಿಡಿದು ನಾನು ಅಲ್ಲಿ ಒಬ್ಬಳೇ. ಮದುವೆಯಾದಾಗಿನಿಂದ ಈ ಮನೆಯಲ್ಲಿ "ನನ್ನ ಕನ್ನಡಕ ಎಲ್ಲಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಿ" ಎಂದು ಯಾರೂ ಕೇಳದ ಜಾಗ ಅದೊಂದೇ. ದೂರವನ್ನು ಅಳೆಯಲು ನನ್ನದೇ ಸ್ಕೇಲು. ಎದುರು ಮನೆಯ ತೆಂಗಿನಮರ ಕಾಣದಿದ್ದರೆ ಹೆವಿ ಫಾಗ್. ಮರ ಕಂಡು ನೀರಿನ ಟ್ಯಾಂಕು ಕಾಣದಿದ್ದರೆ ಮೀಡಿಯಂ. ಟ್ಯಾಂಕು ಕಂಡು ಬೆಟ್ಟ ಕಾಣದಿದ್ದರೆ ಲೈಟ್. ಬೆಟ್ಟದ ಬಂಡೆ ಬಿಡಿಬಿಡಿಯಾಗಿ ಕಂಡರೆ ಕ್ಲಿಯರ್.

ಈ ವರ್ಷ ಸಂಕ್ರಾಂತಿಯ ಸುಮಾರಿಗೆ ನಾಲ್ಕೂ ಊರಿಗೆ ಮಂಜು ಬಂತು. ಮಾಲೂರಿನಲ್ಲಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಕೂಗುವುದು ಮಾತ್ರ ಕೇಳುತ್ತದೆ, ಕಾಣುವುದಿಲ್ಲ ಎಂದು ತಂಗಿ ಬರೆದಳು. ಆಗ ನಾನು ಹಾಕಿದ ಮಂಜು ಎರಡು ದಿನ ಕಳೆದು ಶ್ರೀನಿವಾಸಪುರಕ್ಕೆ ಹೋಯಿತು. ಅಂದಿನಿಂದ ನಾದಿನಿಗೆ ಒಂದು ಥಿಯರಿ ಹುಟ್ಟಿಕೊಂಡಿತು: ಇವತ್ತು ಅತ್ತಿಗೆಯ ಮಂಜು, ನಾಳಿದ್ದು ನಮ್ಮ ಮಂಜು. ನನಗೂ ಹೆಮ್ಮೆಯೇ ಆಯಿತು, ಟು ಬಿ ಫ್ರ್ಯಾಂಕ್.

ಆಮೇಲೆ ಕೋಲಾರ ಕ್ಲಿಯರ್ ಆಯಿತು. ಮಾಲೂರು ಕ್ಲಿಯರ್ ಆಯಿತು. ಶ್ರೀನಿವಾಸಪುರದಲ್ಲಿ ಮಾವಿನ ಮರಗಳು ಮೈತುಂಬ ಹೂವು ಹೊತ್ತು ಬಿಸಿಲಿಗೆ ನಿಂತವು. ಮುಳಬಾಗಿಲಿನಲ್ಲಿ ಮಾತ್ರ ಮಂಜು ಬಿಡಲಿಲ್ಲ. ಲೈಟ್, ಲೈಟ್, ಮೀಡಿಯಂ, ಲೈಟ್. "ಏನೇ ಅದು, ನಿಮ್ಮೂರನ್ನೇನು ಊಟಿಗೆ ಸೇರಿಸಿಬಿಟ್ರಾ?" ಎಂದು ಕೋಲಾರ ಕೇಳಿದಳು. ಜಿಯಾಗ್ರಫಿ ಗೊತ್ತಿಲ್ಲದವಳ ಹೊಟ್ಟೆಕಿಚ್ಚು ಎಂದುಕೊಂಡೆ.

ಒಂದು ದಿನ ಒಣಗಿದ ಬಟ್ಟೆ ತರಲು ಮಧ್ಯಾಹ್ನ ಎರಡು ಗಂಟೆಗೆ ಮೇಲೆ ಹೋದೆ. ಕಾಲು ಸುಡುತ್ತಿದೆ, ಬಟ್ಟೆ ಹಪ್ಪಳದ ಹಾಗೆ ಗರಿಗರಿಯಾಗಿದೆ, ಬೆಟ್ಟವೇ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡೆ. ಇಲ್ಲ. ಬೆಟ್ಟವಿರಬೇಕಾದ ಕಡೆ ಯಾರೋ ಹಾಲು ಚೆಲ್ಲಿ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಬಿಳುಪು. ಕೆಳಗೆ ಬಂದು ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರನ್ನು ಸುಮ್ಮನೆ ಮಾತಿಗೆಂಬಂತೆ ಕೇಳಿದೆ.

"ಬೆಟ್ಟದ ಮೇಲೆ ಏನೋ ಹೊಗೆ ಥರ ಇಲ್ವಾ?"

ಅವರು ಪೇಪರಿನ ಅಂಚಿನಿಂದ ನೋಡಿದರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದವರು. ಕಂಡದ್ದಕ್ಕಿಂತ ಒಂದಂಗುಲ ಹೆಚ್ಚು ಹೇಳುವವರಲ್ಲ. "ಎಂಥ ಹೊಗೆ? ಒಂದೊಂದು ಬಂಡೇನೂ ಎಣಿಸ್ಬೋದು" ಎಂದು ಮತ್ತೆ ಪೇಪರಿಗೆ ಹೋದರು.

ಗೊತ್ತಾಯಿತು. ಮಂಜು ಊರಿಗೆ ಬಿದ್ದಿರಲಿಲ್ಲ, ನನ್ನ ಕಣ್ಣಿಗೆ ಪೊರೆ ಬಂದಿತ್ತು. ಎಪ್ಪತ್ತರ ವಯಸ್ಸಿನಲ್ಲಿ ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಒಂದು ದಿನದ ಕೆಲಸ. ಆದರೆ ಹೇಳಿದರೆ ಟೆರೇಸು ಹೋಗುತ್ತದೆ. ನಮ್ಮ ಹಿಂದಿನ ಬೀದಿಯಲ್ಲಿ ನನ್ನ ವಯಸ್ಸಿನವಳೊಬ್ಬಳು ಬಚ್ಚಲಲ್ಲಿ ಒಂದೇ ಒಂದು ಸಲ ಜಾರಿದಳು, ಏನೂ ಆಗಲಿಲ್ಲ. ಆದರೂ ಅವಳನ್ನು ನಡುಮನೆಯ ಕುರ್ಚಿಯೊಂದರಲ್ಲಿ ಕೂರಿಸಿ, ಕೈಗೆ ರಿಮೋಟ್ ಕೊಟ್ಟರು. ಆ ಕುರ್ಚಿಯಿಂದ ಅವಳು ಇನ್ನೂ ಎದ್ದಿಲ್ಲ. ಕೈಗಂಬಿಯಿಲ್ಲದ ಹದಿನಾರು ಮೆಟ್ಟಿಲನ್ನು ಮಂಜುಗಣ್ಣಿನಲ್ಲಿ ಹತ್ತುತ್ತಿದ್ದೇನೆಂದು ನಮ್ಮವರಿಗೆ ಗೊತ್ತಾದರೆ ಆ ಸಂಜೆಯೇ ಬೀಗ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಕಣ್ಣಿಲ್ಲದಿದ್ದರೇನು, ಕಣ್ಣು ಕಡ ಸಿಗುವುದಿಲ್ಲವೇ?

ಸಿಕ್ಕಿತು. ಬೈರಕೂರಿನ ಕಡೆಯಿಂದ ಮೊದಲ ಬಸ್ಸಿಗೆ ಬಂದು ಮನೆಮನೆಗೆ ಹೂವು ಕೊಡುವ ಹೆಂಗಸೊಬ್ಬಳಿದ್ದಾಳೆ. ಮಾತಿನಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ. ಮಾರನೆಯ ಬೆಳಗ್ಗೆ ನಾನು ಗೇಟಿನಲ್ಲೇ ಅವಳನ್ನು ಹಿಡಿದೆ.

"ಏನಮ್ಮಾ, ದಾರೀಲಿ ಮಂಜಿತ್ತಾ?"

"ಮಂಚು ಎಕ್ಕಡಮ್ಮಾ?" ಎಂದು ನಕ್ಕಳು. ಎಲ್ಲಿದೆಯಮ್ಮಾ ಮಂಜು ಎಂದು. "ಆಕಾಶ ತೊಳ್ದಿಟ್ಟಂಗಿದೆ."

"ಬೆಟ್ಟ ಕಾಣಿಸ್ತಾ?"

"ಬೆಟ್ಟ ಎಲ್ಲಿಗೋತದೆ? ಅಲ್ಲೇ ಐತೆ."

ನಾನು ಮೇಲೆ ಹೋಗಿ "ಮುಳಬಾಗಿಲು: ಕ್ಲಿಯರ್" ಎಂದು ಹಾಕಿದೆ. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಅವಳು ಹೂವಿನ ಬುಟ್ಟಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಅಮ್ಮಾ, ಬೆಟ್ಟ ನಿಮ್ಮನೆ ಎದ್ರಿಗೈತೆ. ಬೈರಕೂರಿಂದ ಬರೋಳ್ನ ಯಾಕೆ ಕೇಳ್ತೀರಿ?"

"ಸುಮ್ಮನೆ."

"ಸುಮ್ಮನೆ ಅಲ್ಲ. ನಮ್ಮತ್ತೇನೂ ಹಿಂಗೇ ಕೇಳ್ತಿದ್ಳು. ಕೋಳಿ ಹೊರಗೈತಾ, ಕರು ಕಟ್ಟಿದೀಯಾ ಅಂತ. ಎಲ್ಲ ಕಾಣೋಳಂಗೆ ನಾಟ್ಕ. ಆಮೇಲೆ ನೋಡಿದ್ರೆ ಎರಡು ಕಣ್ಗೂ ಪೊರೆ."

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ನಮ್ಮವರು ಇನ್ನೂ ಹಲ್ಲುಜ್ಜುತ್ತಿದ್ದರು. "ಮೆಲ್ಲಗೆ ಮಾತಾಡೇ! ಕಾಫಿ ಕುಡೀತೀಯಾ?"

"ಕುಡೀತೀನಿ. ನಾಳೇನೂ ಕುಡೀತೀನಿ. ಸಕ್ರೆ ಜಾಸ್ತಿ" ಎಂದಳು.

ಹೀಗೆ ಒಂದು ದೊಡ್ಡ ಲೋಟ ಕಾಫಿಗೆ ಹವಾಮಾನ ಸಿಗುವಂತಾಯಿತು. ಕಣ್ಣಾರೆ ಕಂಡದ್ದೇ ಅಲ್ಲವೇ? ಯಾರ ಕಣ್ಣಾರೆ ಎಂದು ರೂಲಿನಲ್ಲಿ ಬರೆದಿರಲಿಲ್ಲ. ಡ್ರಾಫ್ಟ್ ಮಾಡಿದವಳು ನಾನೇ, ಲೂಪ್‌ಹೋಲ್ ಕೂಡ ನನ್ನದೇ. ಅವಳಿಗೂ ಕೆಲಸದಲ್ಲಿ ಆಸಕ್ತಿ ಬಂತು. "ಇವತ್ತು ಬರ್ಕೊಳ್ಳಿ, ಗಾಳಿ ಮೂಡ್ಲಿಂದ, ಜೋರಿಲ್ಲ" ಎಂದು ಗೇಟಿನಿಂದಲೇ ಡಿಕ್ಟೇಶನ್ ಕೊಡತೊಡಗಿದಳು. ಮುಳಬಾಗಿಲಿನ ವರದಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ ಎಂದು ತಂಗಿಯೇ ಹೊಗಳಿದಳು.

ಅಷ್ಟರಲ್ಲಿ ಹೂವಿನವಳು ಆಂಧ್ರದ ಕಡೆ ಯಾವುದೋ ಮದುವೆಗೆಂದು ಒಂದು ವಾರ ಹೊರಟುಬಿಟ್ಟಳು. ಬದಲಿ ಕಣ್ಣು ಕೊಟ್ಟು ಹೋಗಲಿಲ್ಲ.

ಮೊದಲ ದಿನ ಟೆರೇಸಿನಲ್ಲಿ ನಿಂತು ಬಹಳ ಪ್ರಯತ್ನಪಟ್ಟೆ. ಬಿಳುಪು ಎಷ್ಟು ನನ್ನದು, ಎಷ್ಟು ಊರಿನದು ಎಂದು ಪಾಲು ಮಾಡಲಾಗಲಿಲ್ಲ. ನಿಜವಾಗಿ ಮಂಜಿದ್ದು ನಾನು ಕ್ಲಿಯರ್ ಎಂದುಬಿಟ್ಟರೆ? ಸೇಫ್ಟಿಗೆ "ಲೈಟ್ ಮಿಸ್ಟ್" ಎಂದು ಹಾಕಿದೆ. ಮರುದಿನ "ಹೇಜ್." ಮೂರನೆಯ ದಿನ "ಮಿಸ್ಟ್ ವಿತ್ ಸಮ್ ಹೇಜ್." ಕಾನ್ವೆಂಟಿನ ಇಂಗ್ಲಿಷಿನಿಂದ ನನಗೆ ಜೀವನದಲ್ಲಿ ಅಷ್ಟು ಉಪಯೋಗ ಮತ್ಯಾವಾಗಲೂ ಆಗಿಲ್ಲ. ಆ ಮಧ್ಯಾಹ್ನ ನಾದಿನಿಯ ಫೋನು ಬಂತು.

"ಅತ್ತಿಗೆ, ಮಿಸ್ಟು, ಹೇಜು ಎಲ್ಲ ನಂಗೊತ್ತಾಗಲ್ಲ. ಮಂಜಾ, ಅಲ್ವಾ?"

"ಒಂಥರಾ ಮಂಜೇ."

"ಮೂರು ದಿನದಿಂದಾನಾ? ಹಂಗಾದ್ರೆ ನಮ್ಗೂ ಬಂದೇ ಬರುತ್ತೆ. ಮಂಜು ಕೂತ್ರೆ ಹೂವಿಗೆ ಬೂದಿ ರೋಗ, ಜಿಗಿಹುಳ. ನಾಳೆ ಬೆಳಗ್ಗೇನೇ ಔಷಧಿ ಹೊಡೆಸ್ತೀನಿ."

"ಹೊಡೆಸು ಮತ್ತೆ" ಎಂದೆ, ಏನೋ ಉಪಕಾರ ಮಾಡುವವಳ ಹಾಗೆ.

"ಹೊಡೆಸೋಕೂ ಹೆದ್ರಿಕೆ ಅತ್ತಿಗೆ. ಹೂವು ಪೂರ್ತಿ ಅರಳಿದೆ. ಮರದ ತುಂಬ ಜೇನು, ನೊಣ. ಈಗ ಔಷಧಿ ಬಿದ್ರೆ ಅವೆಲ್ಲ ಓಡೋಗ್ತವೆ, ಕಾಯಿ ಕಚ್ಚಲ್ಲ. ಬೇರೆ ಯಾರಾದ್ರೂ ಹೇಳಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ನೀವು ಹೇಳ್ತಾ ಇದೀರಲ್ಲ, ಅದಕ್ಕೆ."

ಫೋನಿಟ್ಟೆ. ಇಷ್ಟು ದಿನ ಆಟವಾಗಿದ್ದು ಈಗ ಆಟವಾಗಿರಲಿಲ್ಲ. ನಾನು ಬಿಡಿಸಿದ ಮಂಜಿಗೆ ಹೆದರಿ ಅವಳು ತನ್ನ ಹೂವಿಗೆ ತಾನೇ ಔಷಧಿ ಸುರಿಯಲು ಹೊರಟಿದ್ದಳು. ಒಳ್ಳೆಯ ಹೆಂಗಸಾಗಿದ್ದರೆ ಕೂಡಲೇ ಫೋನು ಮಾಡಿ ನಿಜ ಹೇಳುತ್ತಿದ್ದಳು. ನಾನು ಹತ್ತು ನಿಮಿಷ ಯೋಚಿಸಿ, ಟೆರೇಸನ್ನೂ ಬಿಟ್ಟುಕೊಡದೆ ಹೂವನ್ನೂ ಉಳಿಸುವ ಒಂದು ಬ್ರಿಲಿಯಂಟ್ ಉಪಾಯ ಹುಡುಕಿದೆ. ಮಳೆ ಬರುವ ಹಾಗಿದ್ದರೆ ಯಾರೂ ಔಷಧಿ ಹೊಡೆಸುವುದಿಲ್ಲ, ಎಲ್ಲ ತೊಳೆದುಹೋಗುತ್ತದೆ. ಗ್ರೂಪಿನಲ್ಲಿ ಬರೆದೆ: "ಮುಳಬಾಗಿಲು: ಸ್ಪೆಷಲ್ ಬುಲೆಟಿನ್. ಕಪ್ಪು ಮೋಡ, ಗುಡುಗು. ಸಂಜೆಗೆ ಅಥವಾ ನಾಳೆಗೆ ಬಿರುಗಾಳಿ ಮಳೆ ಗ್ಯಾರಂಟಿ."

ನಾದಿನಿಯ ಉತ್ತರ ತಕ್ಷಣ ಬಂತು: "ಔಷಧಿ ಕ್ಯಾನ್ಸಲ್." ನಾನು ನೆಮ್ಮದಿಯಾಗಿ ಒಂದು ಬಾಳೆಹಣ್ಣು ತಿಂದೆ.

ಬಾಳೆಹಣ್ಣು ಮುಗಿಯುವಷ್ಟರಲ್ಲಿ ಉಳಿದ ಎರಡು ಊರುಗಳು ನೆನಪಾದವು. ಮಾಲೂರಿನಲ್ಲಿ ತಂಗಿಯ ಗಂಡ ಊಟದ ತಟ್ಟೆ ಬಿಟ್ಟು ಎದ್ದು, ಕೆಲಸದವರನ್ನೆಲ್ಲ ಕೂಗಿ, ಸಾಲುಸಾಲು ಹಸಿ ಇಟ್ಟಿಗೆಗೆ ಟಾರ್ಪಾಲು ಹೊದಿಸಿ ಕಲ್ಲು ಹೇರಿಸುತ್ತಿದ್ದನಂತೆ. ಕೋಲಾರ ತನ್ನ ಅರ್ಧ ಒಣಗಿದ ಸಂಡಿಗೆಯನ್ನು ಪಂಚೆ ಸಮೇತ ಎತ್ತಿ ಒಳಗೆ ಒಯ್ದಿದ್ದಳು. ಅವು ಒಂದಕ್ಕೊಂದು ಅಂಟಿ ಒಂದೇ ದೊಡ್ಡ ಸಂಡಿಗೆಯಾಗಿದ್ದವು. ಸಂಜೆ ಐದಾಯಿತು. ನಾಲ್ಕೂ ಊರಿನ ಮೇಲೆ ನೀಲಿ ಆಕಾಶ, ಬಿಸಿಲು, ಒಂದು ಎಲೆಯೂ ಅಲುಗುತ್ತಿಲ್ಲ.

"ಎಲ್ಲಿ ಕಣೇ ನಿನ್ನ ಗುಡುಗು? ಬಸ್ ತಪ್ಪಿಸ್ಕೊಂಡ್ತಾ?" ಎಂದು ಕೋಲಾರದ ವಾಯ್ಸ್ ಮೆಸೇಜು.

"ಅಕ್ಕ, ಟಾರ್ಪಾಲಿನ ಕೆಳಗೆ ಇಟ್ಟಿಗೆ ಬೆವರ್ತಾ ಇವೆ. ನಮ್ಮನೆಯವರು ನನ್ನ ಮುಖಾನೇ ನೋಡ್ತಾ ಕೂತಿದಾರೆ" ಎಂದಳು ಮಾಲೂರು.

"ಗಾಳಿ ತಿರುಗಿ ಆಂಧ್ರಕ್ಕೆ ಹೋಯಿತು" ಎಂದು ಬರೆದೆ. ಗಡಿಯ ಪಕ್ಕದಲ್ಲಿರುವವರಿಗೆ ಇದೊಂದು ಅನುಕೂಲ. ನಮ್ಮ ಮನೆಯಿಂದ ಕಳೆದುಹೋದ ಬೆಕ್ಕು, ಬಾಡಿಗೆ ಕೊಡದೆ ಓಡಿದವನು, ಬಾರದ ಮಳೆ, ಎಲ್ಲವೂ ಆಂಧ್ರಕ್ಕೆ ಹೋಗುತ್ತವೆ.

ನಾದಿನಿ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ನನಗೆ ಫೋನು ಮಾಡಿದಳು. "ಅತ್ತಿಗೆ, ಔಷಧಿಯವರನ್ನ ನಾಳಿದ್ದಿಗೆ ಹಾಕಿದೀನಿ. ನಂಗ್ಯಾಕೋ ತಲೆನೇ ಓಡ್ತಿಲ್ಲ. ನಾಳೆ ಮೊದಲ್ನೇ ಬಸ್ಸಿಗೆ ಬಂದು ನಿಮ್ಮ ಮಂಜನ್ನ ನಾನೇ ನೋಡಿಬಿಡ್ತೀನಿ."

ಬಂದಳು. ಚೀಲದಲ್ಲಿ ನುಗ್ಗೆಕಾಯಿ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಅಣ್ಣನನ್ನು ಮಾತಾಡಿಸಿ, ಕಾಫಿಯನ್ನೂ ಕುಡಿಯದೆ ನನ್ನ ಹಿಂದೆ ಮೆಟ್ಟಿಲು ಹತ್ತಿದಳು. ಅವತ್ತು ಊರಿನಲ್ಲಿ ಮಂಜಿತ್ತೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ದಾರೀಲಿ ಹೆಂಗಿತ್ತು?" ಎಂದು ಗಾಳ ಹಾಕಿದೆ.

"ಏನು ಹೆಂಗಿತ್ತು? ಸೀಟ್ ಸಿಗ್ಲಿಲ್ಲ." ಟೆರೇಸಿನ ಅಂಚಿಗೆ ಹೋಗಿ ನಿಂತಳು. ಆಮೇಲೆ, "ಅತ್ತಿಗೆ, ಬೆಟ್ಟದ ಮೇಲೆ ಯಾರೋ ಹತ್ತುತಾ ಇದಾರೆ ನೋಡಿ. ಕೆಂಪು ಟವಲ್ಲು" ಎಂದಳು.

ಅಬ್ಬಾ, ಹಾಗಾದರೆ ಕ್ಲಿಯರ್ ಎಂದುಕೊಂಡೆ. "ಹೂಂ ಕಣೇ, ಆಗಲೇ ನೋಡ್ದೆ. ಕೆಂಪು ಟವಲ್ಲು. ಈಗಷ್ಟೇ ಮಂಜು ಸರೀತು. ನಡಿ, ಕಾಫಿ ಕುಡಿಯೋಣ."

ಅವಳು ನನ್ನ ಕಡೆ ತಿರುಗಿದಳು. "ಬೆಟ್ಟದ ಮೇಲೆ ಯಾರೂ ಇಲ್ಲ ಅತ್ತಿಗೆ. ಸುಳ್ಳು ಹೇಳ್ದೆ."

ಎಪ್ಪತ್ತು ದಾಟಿದ ಮೇಲೆ ಮಂಡಿಯೂರಿಸುವವರು ಯಾರೂ ಇರುವುದಿಲ್ಲ. ಇದ್ದಿದ್ದರೆ ಆ ಗಳಿಗೆಯಲ್ಲಿ ನಾನು ಊರುತ್ತಿದ್ದೆ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತೆ. ಅವಳೂ ಪಕ್ಕದಲ್ಲಿ ಕುಳಿತಳು.

"ಎಷ್ಟು ದಿನದಿಂದ?"

"ಸಂಕ್ರಾಂತಿ ಆದಾಗಿಂದ."

"ಆ ಮಿಸ್ಟು, ಹೇಜು?"

"ಎಲ್ಲ ನನ್ನ ಕಣ್ಣೊಳಗಿಂದು."

"ನಿನ್ನೆ ಗುಡುಗು?"

"ಅದು ಕಣ್ಣಿಂದಲ್ಲ, ತಲೆಯಿಂದ. ನೀನು ಔಷಧಿ ನಿಲ್ಲಿಸ್ಲಿ ಅಂತ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಧ್ವನಿ ಗಟ್ಟಿಯಾಯಿತು. "ಹೊಡೆಸಿಬಿಟ್ಟಿದ್ರೆ ಏನತ್ತಿಗೆ ಮಾಡ್ತಿದ್ರಿ? ಜೇನೆಲ್ಲ ಹೋಗಿ ಕಾಯೇ ಕಚ್ಚದೇ ಇದ್ದಿದ್ರೆ? ನಮ್ಮನೆಯವರು ಬೇಡ ಅಂದ್ರು, ಮಗ ಬೇಡ ಅಂದ. ನಮ್ಮತ್ತಿಗೆ ಓದಿದೋರು, ಅವರ ಮಾತು ಸುಳ್ಳಾಗಲ್ಲ ಅಂತ ಇಬ್ಬರ ಜೊತೇನೂ ಜಗಳ ಆಡ್ದೆ."

"ನಿಮ್ಮಣ್ಣನಿಗೆ ಹೇಳ್ಬೇಡ ಕಣೇ. ಇಲ್ಲಿಗೆ ಬೀಗ ಹಾಕಿಬಿಡ್ತಾರೆ" ಎಂದೆ. ನನ್ನ ಧ್ವನಿ ನನಗೇ ನಾಚಿಕೆಯಾಗುವಷ್ಟು ಚಿಕ್ಕದಾಗಿತ್ತು.

ಅವಳು ಟೆರೇಸನ್ನು ಸುತ್ತ ನೋಡಿದಳು. ಮುರಿದ ಕುರ್ಚಿ, ಎರಡು ತುಳಸಿ ಕುಂಡ, ನನ್ನ ಕಾಫಿ ಲೋಟ. "ಇದಕ್ಕೋಸ್ಕರಾನಾ?" ಎಂದಳು. ಆಮೇಲೆ, ತಡೆದುಕೊಳ್ಳಲು ನೋಡಿದರೂ ಆಗದೆ, ನಗು ಬಂದುಬಿಟ್ಟಿತು. "ಒಂದು ಸುಳ್ಳು ಮುಚ್ಚೋಕೆ ಗುಡುಗು ಸಿಡಿಲು ಕರೆಸಿದೋರನ್ನ ನಾನಿದುವರೆಗೂ ನೋಡಿಲ್ಲ ಬಿಡಿ. ಕಾನ್ವೆಂಟಲ್ಲಿ ಇದನ್ನೇ ಹೇಳ್ಕೊಟ್ರಾ?" ನನ್ನ ಫೋನನ್ನು ತೆಗೆದು ನನ್ನ ಕೈಗಿಟ್ಟಳು. "ನಾನು ಯಾರಿಗೂ ಹೇಳಲ್ಲ. ನೀವೇ ಹೇಳಿ. ಏಳು ಗಂಟೆ ಆಗೋದ್ರೊಳಗೆ."

ಬರೆದೆ. "ಮುಳಬಾಗಿಲು: ಆಕಾಶ ಸ್ವಚ್ಛ. ಮಂಜು ನನಗೆ ಮಾತ್ರ, ಊರಿಗಿಲ್ಲ. ಕಣ್ಣಿಗೆ ಪೊರೆ ಬಂದಿದೆ. ನಿನ್ನೆಯ ಗುಡುಗು ಬರೀ ಸುಳ್ಳು. ಕ್ಷಮಿಸಿ."

ತಂಗಿ ಅಳುವ ಮುಖ ಕಳಿಸಿದಳು. ಅದರ ಹಿಂದೆಯೇ "ಟಾರ್ಪಾಲ್ ಎಳೆದವರಿಗೆಲ್ಲ ನೀನೇ ಬಂದು ಬಿರಿಯಾನಿ ಮಾಡಿ ಹಾಕು" ಎಂದಳು. ಕೋಲಾರ ಬರೆದಳು: "ಸಂಡಿಗೆಗೆ ಕ್ಷಮೆ ಇಲ್ಲ. ನಾಳೆ ಬಾ, ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರ್ಕೊಂಡೋಗ್ತೀನಿ, ಈಡಿಯಟ್."

ನಮ್ಮವರಿಗೆ ಕೆಳಗೆ ಬಂದು ಹೇಳಿದೆ. ಅವರು ಬೈಯಲಿಲ್ಲ. ಎದ್ದು ಹೋಗಿ, ಹಳೆಯ ಟ್ರಂಕಿನ ಹಿತ್ತಾಳೆ ಬೀಗ ತಂದು ಟೆರೇಸಿನ ಬಾಗಿಲಿಗೆ ಜಡಿದು, ಕೀಲಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡರು. "ಕಣ್ಣು ಸರಿಹೋಗ್ಲಿ. ಆಮೇಲೆ ನೋಡೋಣ" ಎಂದರು. ಆ "ನೋಡೋಣ" ನನಗೆ ಗೊತ್ತು. ಸರ್ವೆ ಇಲಾಖೆಯ "ನೋಡೋಣ"ಕ್ಕಾಗಿ ಎಷ್ಟೋ ಜನ ಮುದುಕರಾಗಿದ್ದಾರೆ.

ಕೋಲಾರದಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದಕ್ಕಾಗಿ ವಾರಗಟ್ಟಲೆ ಇಷ್ಟು ಸುಳ್ಳು ಹೇಳಿದೆನಲ್ಲ ಎಂದು ಬೇಜಾರಾಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗೆಳತಿಯ ಮುಖ. "ನಿಂಗೆ ಇಷ್ಟೊಂದು ವಯಸ್ಸಾಗಿದೆಯೇನೇ?" ಎಂದುಬಿಟ್ಟೆ. "ಕನ್ನಡಿ ಕೊಡ್ತೀನಿ ತಡಿ, ಆಮೇಲೆ ಮಾತಾಡು" ಎಂದಳು. ಕೊಟ್ಟಳು. ಪೊರೆ ಅಷ್ಟೇನೂ ಕೆಟ್ಟದ್ದಲ್ಲ. ಅದು ಇದ್ದಷ್ಟು ದಿನ ನನ್ನ ಮುಖ ಐವತ್ತರ ಹತ್ತಿರ ಇತ್ತು. ಮನೆಗೆ ಬಂದರೆ ಅಡುಗೆಮನೆಯ ಸೂರಿನಲ್ಲಿ ಜೇಡರ ಬಲೆ, ನಮ್ಮವರ ಗಲ್ಲದಲ್ಲಿ ಶೇವ್ ಮಾಡದೆ ಬಿಟ್ಟ ಬಿಳಿ ಕೂದಲು. ಒಂದು ತಿಂಗಳು ಕಣ್ಣಿಗೆ ನೀರು ಸೋಕಿಸಬಾರದು, ಬಗ್ಗಬಾರದು, ಕಪ್ಪು ಕನ್ನಡಕ ತೆಗೆಯಬಾರದು. ಟೆರೇಸಿನ ಮಾತೆತ್ತಿದಾಗಲೆಲ್ಲ "ತಿಂಗಳಾಗ್ಲಿ, ನೋಡೋಣ."

ಅಷ್ಟು ದಿನ ಮುಳಬಾಗಿಲಿನ ವರದಿ ಹಾಕುತ್ತಿದ್ದವರು ಯಾರೆಂದುಕೊಂಡಿರಿ? ನಮ್ಮವರು! ಜಗಲಿಯಲ್ಲಿ ನಿಂತು, ಕತ್ತು ಹೊರಗೆ ಚಾಚಿ ನೋಡಿ, ತಮ್ಮ ಫೋನಿನಿಂದ ಗ್ರೂಪಿಗೆ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು: "ಮುಳಬಾಗಿಲು: ಏನೂ ಇಲ್ಲ." ಪ್ರತಿದಿನವೂ ಅದೇ. ಮಂಜಿಲ್ಲ, ಗಾಳಿಯಿಲ್ಲ ಎಂದು ಬಿಡಿಸಿ ಬರೆಯುವ ದುಂದುಗಾರಿಕೆಯಿಲ್ಲ. "ಭಾವನ ವರದಿ ಎಷ್ಟು ನೀಟು" ಎಂದು ತಂಗಿ ನನಗೆ ಚುಚ್ಚಿದಳು.

ಯುಗಾದಿಗೆ ಹತ್ತು ದಿನವಿತ್ತು. ಶ್ರೀನಿವಾಸಪುರದಲ್ಲಿ ಕಾಯಿ ಕಚ್ಚಿ ಗೋಲಿಯಷ್ಟಾಗಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಸೆಖೆ ತಾಳಲಾರದೆ ನಮ್ಮವರು ಶರ್ಟು ಬಿಚ್ಚಿ ಗೂಟಕ್ಕೆ ಹಾಕಿ ಜಗಲಿಯಲ್ಲಿ ಕುಳಿತರು. ಕಿಟಕಿಯಿಂದ ಒಂದು ತಂಪು ಗಾಳಿ ಬಂತು, ದೂರದಲ್ಲೆಲ್ಲೋ ನೆನೆದ ಮಣ್ಣಿನ ವಾಸನೆ ಹೊತ್ತು.

"ಎಲ್ಲೋ ಮಳೆ ಬಿದ್ದಿದೆ, ಗ್ರೂಪಲ್ಲಿ ಹಾಕಿ" ಎಂದೆ.

ಅವರು ಕತ್ತು ಚಾಚಿ ನೋಡಿದರು. "ಏನೂ ಇಲ್ಲ. ಕಣ್ಣಾರೆ ಕಂಡದ್ದು ಮಾತ್ರ. ನಿನ್ನದೇ ರೂಲು" ಎಂದು ಹಾಗೆಯೇ ಟೈಪ್ ಮಾಡಿ ಕಳಿಸಿದರು.

ಗೂಟದ ಶರ್ಟಿನಿಂದ ಕೀಲಿ ತೆಗೆಯುವುದು ನನಗೆ ಕಷ್ಟವಾಗಲಿಲ್ಲ. ಛತ್ರಿಯನ್ನೂ ಹಿಡಿದೆ; ಡಾಕ್ಟರ ಮಾತು ಮೀರುವಷ್ಟು ಪೆದ್ದಿ ನಾನಲ್ಲ. ಹದಿನಾರು ಮೆಟ್ಟಿಲನ್ನೂ ಗೋಡೆ ಹಿಡಿದು ಹತ್ತಿದೆ. ಮೆಟ್ಟಿಲ ಅಂಚುಗಳು ಅಷ್ಟು ಚೂಪಾಗಿವೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಷ್ಟು ದಿನ ಬೀಳದೆ ಉಳಿದದ್ದೇ ಹೆಚ್ಚು. ಬೀಗ ಹಾಕಿದವರ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಮೇಲೆ ಬೆಟ್ಟವಿತ್ತು. ಕಪ್ಪು ಕನ್ನಡಕದ ಒಳಗಿನಿಂದಲೂ ಒಂದೊಂದು ಬಂಡೆ, ಬಂಡೆಯ ಸಂದಿನ ಪೊದೆ, ಎಲ್ಲ ಬಿಡಿಬಿಡಿ. ಅದರ ಆಚೆ, ಜಗಲಿಯಿಂದ ಕಾಣದ ಮೂಡಲಲ್ಲಿ, ಬೈರಕೂರಿನ ಮೇಲೆ ಆಕಾಶ ಇದ್ದಿಲಾಗಿತ್ತು. ಒಳಗೆ ಮಿಂಚು ಎಳೆ ಬಿಡುತ್ತಿತ್ತು. ಬರೆದೆ: "ಮುಳಬಾಗಿಲು, ಟೆರೇಸಿನಿಂದ: ಮೂಡಲಲ್ಲಿ ಕಪ್ಪು ಮೋಡ, ಮಿಂಚು. ಗಾಳಿ ಈ ಕಡೆಗೇ. ಎಲ್ಲರೂ ಮುಚ್ಚಿಕೊಳ್ಳಿ."

"ಭಾವ ಈಗ ತಾನೇ ಏನೂ ಇಲ್ಲ ಅಂದಿದ್ದಾರೆ. ಅಕ್ಕ, ಇನ್ನೊಂದ್ಸಲ ನಮ್ಮ ಟಾರ್ಪಾಲ್ ಎಳೆಸಬೇಡ, ಕೈ ಮುಗೀತೀನಿ" ಎಂದಳು ಮಾಲೂರು.

ಕೋಲಾರ ಬರೆದಳು: "ಒಂದೇ ಊರಿಂದ ಎರಡು ವರದಿ. ಯಾರನ್ನ ನಂಬೋದು?"

ನಾನು ಬೆರಳು ಎತ್ತಿದೆ, ಇಳಿಸಿದೆ. ಏನು ಬರೆಯಲಿ? ನನ್ನ ಮಾತಿಗೆ ಸಾಕ್ಷಿಯಾಗಿ ನನ್ನ ಮಾತನ್ನೇ ಕೊಡಬೇಕು. ಆ ನಾಣ್ಯವನ್ನು ನಾನೇ ಸವೆಸಿದ್ದೆ. ಆಗ ಶ್ರೀನಿವಾಸಪುರ ಬರೆಯಿತು: "ಅತ್ತಿಗೆ ಅಂದ್ರೆ ನಂಗೆ ಸಾಕು. ತೋಟದೋರಿಗೆ ಫೋನ್ ಮಾಡ್ದೆ. ನೀವೂ ಮುಚ್ಚಿ."

ಆ ಸಾಲನ್ನು ಎರಡು ಸಲ ಓದಿದೆ. ಕಣ್ಣಿಗೆ ನೀರು ಸೋಕಿಸಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ, ಮುಖ ಮೇಲೆತ್ತಿ ಗಾಳಿಗೆ ಹಿಡಿದೆ.

ಗಾಳಿ ಬಂತು. ಎದುರು ಮನೆಯ ತೆಂಗಿನಮರ ಅರ್ಧಕ್ಕೆ ಬಾಗಿತು. ಮೊದಲ ಹನಿಗಳು ಛತ್ರಿಯ ಮೇಲೆ ಹುರಿಗಡಲೆಯ ಹಾಗೆ ಬಿದ್ದವು. ಕೆಳಗಿನಿಂದ ನಮ್ಮವರ ಕೂಗು: "ಲೇ! ಕಣ್ಣಿಗೆ ನೀರು ಬೀಳುತ್ತೆ! ಇಳೀತೀಯೋ ಇಲ್ವೋ?"

"ಛತ್ರಿ ಇದೆ!"

ಆಮೇಲೆ ಮೆಟ್ಟಿಲ ಮೇಲೆ ಒಂದು ಹೆಜ್ಜೆ, ಒಂದು ನರಳು. ಇನ್ನೊಂದು ಹೆಜ್ಜೆ, ಇನ್ನೊಂದು ನರಳು. ಎಷ್ಟೋ ವರ್ಷದ ಮೇಲೆ ಅವರು ಮೇಲೆ ಬಂದರು, ಬರೀ ಬನಿಯನ್ನಿನಲ್ಲಿ, ತಮ್ಮ ದೊಡ್ಡ ಕಪ್ಪು ಛತ್ರಿ ಹಿಡಿದು. ಬಂದವರೇ ಅದನ್ನು ನನ್ನ ಛತ್ರಿಯ ಮೇಲೆ ಹಿಡಿದರು.

"ಕೀ ಕೊಡು" ಎಂದರು.

"ಕೊಡಲ್ಲ."

ಬೆಟ್ಟದ ಮೇಲೆ ಮಳೆ ಇಳಿಯುತ್ತಿತ್ತು. ಮೊದಲು ತುದಿ ಹೋಯಿತು, ಆಮೇಲೆ ಬಂಡೆಗಳು, ಆಮೇಲೆ ನೀರಿನ ಟ್ಯಾಂಕು. ಮತ್ತೆ ನನ್ನ ಕಣ್ಣಿನ ಮಂಜೇ ಎಂದು ಅವರ ತೋಳು ಹಿಡಿದೆ.

"ರೀ, ನಿಮಗೆ ಬೆಟ್ಟ ಕಾಣಿಸ್ತಿದೆಯಾ?"

ಅವರು ಕಣ್ಣು ಕಿರಿದು ಮಾಡಿ, ಕತ್ತು ಚಾಚಿ, ಸರಿಯಾಗಿ ನೋಡಿಯೇ ಹೇಳಿದರು. "ಇಲ್ಲ. ಏನೂ ಕಾಣಿಸ್ತಿಲ್ಲ."

"ನನಗೂ ಇಲ್ಲ!" ಎಂದೆ. ಅಷ್ಟು ಸಂತೋಷವಾಗಿ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.